ಮಳೆಗಾಲದಲ್ಲಿ ಗಾಯದ ಕಟ್ಟು ಯಾಕೆ ಕೆಡುತ್ತೆ: ನಾಯಿ, ಬೆಕ್ಕು ಸಾಕಿದವರಿಗೆ

ಡಾಕ್ಟ್ರು ಗಾಯ ತೊಳೆದು, ಬೇಕಿದ್ದರೆ ಹೊಲಿಗೆ ಹಾಕಿ, ನೀಟಾಗಿ ಬ್ಯಾಂಡೇಜ್ ಸುತ್ತಿ ಕಳಿಸಿರುತ್ತಾರೆ. ತೊಂದರೆ ಶುರುವಾಗೋದು ಮನೆಗೆ ಬಂದ ಮೇಲೆ. ಕಟ್ಟು ಜಾರುತ್ತೆ, ನೆನೆಯುತ್ತೆ, ನಾಯಿ ರಾತ್ರಿಯೆಲ್ಲ ಕಚ್ಚಿ ಎಳೆಯುತ್ತೆ, ಎರಡು ದಿನ ಕಳೆದರೆ ಏನೋ ವಾಸನೆ. ಆಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮದ್ದು. ಒಬ್ಬರು ಅರಿಶಿನ ಅಂತಾರೆ, ಇನ್ನೊಬ್ಬರು ದನಕ್ಕೆ ಹೊಡೆಯುವ ಸ್ಪ್ರೇ ತರ್ತಾರೆ.

ಮದ್ದು ಬದಲಿಸುವ ಮೊದಲು ಕಟ್ಟನ್ನು ನೋಡಿ. ನಾನು ಕಂಡ ಹಾಗೆ ಹೆಚ್ಚಿನ ಸಲ ಕೆಟ್ಟಿರೋದು ಗಾಯ ಅಲ್ಲ, ಅದರ ಮೇಲಿನ ಕಟ್ಟು. ಅದರಲ್ಲೂ ನಮ್ಮ ಕೊಡಗಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಭಾಗಮಂಡಲ, ಮಡಿಕೇರಿ ಕಡೆ ಮನುಷ್ಯರ ಬಟ್ಟೆಯೇ ಒಲೆ ಮೇಲೆ ಹಾಕದೆ ಒಣಗಲ್ಲ. ಅಂಥದ್ದರಲ್ಲಿ ಕಾಫಿ ತೋಟದೊಳಗೆ ಓಡಾಡುವ ನಾಯಿಯ ಕಾಲಿನ ಬ್ಯಾಂಡೇಜ್ ಒಣಗಿರುತ್ತೆ ಅಂದುಕೊಂಡರೆ ಆಗಲ್ಲ. ಮಳೆ ಕಡಿಮೆ ಇರುವ ಕುಶಾಲನಗರದಲ್ಲಿ ಮೂರು ದಿನ ಬಾಳುವ ಕಟ್ಟು ಇಲ್ಲಿ ಸಂಜೆಗೇ ಒದ್ದೆ.

ಒದ್ದೆ ಕಟ್ಟಿಗಿಂತ ಕಟ್ಟೇ ಇಲ್ಲದಿರೋದು ವಾಸಿ. ಒದ್ದೆ ಬಟ್ಟೆಯೊಳಗೆ ಚರ್ಮ ಬೆಳ್ಳಗೆ ಮೆತ್ತಗಾಗುತ್ತೆ, ಹೊರಗಿನ ಕೆಸರಿನ ಕೀಟಾಣು ಬಟ್ಟೆ ಮೂಲಕವೇ ಒಳಗಿಳಿಯುತ್ತೆ.

ದಿನಕ್ಕೆ ಎರಡು ಸಲ: ಬೆರಳು, ಒದ್ದೆ, ವಾಸನೆ

ಕಾಲಿಗೆ ಕಟ್ಟುವಾಗ ನಡುವಿನ ಎರಡು ಬೆರಳುಗಳ ಉಗುರು ಹೊರಗೆ ಕಾಣುವ ಹಾಗೆ ಬಿಡಬೇಕು. ಅದು ಅಂದಕ್ಕಲ್ಲ, ನೋಡೋದಕ್ಕೆ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಆ ಎರಡು ಉಗುರು ನೋಡಿ. ಎರಡೂ ಪಕ್ಕಪಕ್ಕ ಕೂತಿದ್ದರೆ ಸರಿ. ಬೆರಳು ಊದಿ ಉಗುರುಗಳು ಒಂದರಿಂದ ಒಂದು ದೂರ ಸರಿದಿದ್ದರೆ ಕಟ್ಟು ಬಿಗಿಯಾಗಿದೆ. ಇನ್ನೊಂದು ಕಾಲಿನ ಬೆರಳು ಮುಟ್ಟಿ ಹೋಲಿಸಿ. ಇದು ತಣ್ಣಗಿದೆ, ಅದು ಬೆಚ್ಚಗಿದೆ ಅಂದರೆ ಕಾಯುವಂತಿಲ್ಲ.

ಆಮೇಲೆ ಕಟ್ಟನ್ನು ಅಂಗೈಯಲ್ಲಿ ಹಿಡಿದು ಒತ್ತಿ. ಹೊರಗಿನ ಪದರ ಒಣಗಿದ ಹಾಗೆ ಕಂಡರೂ ಒಳಗಿನ ಹತ್ತಿ ತಂಪಾಗಿರುತ್ತೆ, ಒತ್ತಿದರೆ ಗೊತ್ತಾಗುತ್ತೆ. ಕೊನೆಗೆ ಮೂಗು ಹತ್ತಿರ ತಂದು ಮೂಸಿ. ನಾಚಿಕೆ ಬೇಡ. ಒದ್ದೆ ನಾಯಿಯ ವಾಸನೆ ನಿಮಗೆ ಗೊತ್ತಿರುವಂಥದ್ದೇ, ಕೀವಿನ ವಾಸನೆ ಬೇರೆ. ಒಂದು ಸಲ ಮೂಸಿದವರು ಮರೆಯಲ್ಲ.

ಬೆರಳು ಊದಿದೆ

ಕೂಡಲೇ ಕತ್ತರಿಸಿ ತೆಗೆಯಿರಿ. ಡಾಕ್ಟ್ರಿಗೆ ಫೋನ್ ಮಾಡೋದು ಆಮೇಲೆ. ತುದಿ ಮೊಂಡಾಗಿರುವ ಕತ್ತರಿ ತಗೊಂಡು, ಗಾಯ ಇರುವ ಕಡೆ ಬಿಟ್ಟು ಎದುರು ಬದಿಯಿಂದ, ಬೆರಳಿನ ಕಡೆಯಿಂದ ಮೇಲಕ್ಕೆ ಕತ್ತರಿಸುತ್ತಾ ಹೋಗಿ. ಕತ್ತರಿಯ ಕೆಳಗಿನ ಅಲಗು ಚರ್ಮಕ್ಕೆ ಸಮವಾಗಿ ಇರಲಿ, ಓರೆಯಾದರೆ ಚರ್ಮ ಸಿಕ್ಕಿಕೊಳ್ಳುತ್ತೆ.

ಬರೀ ಊತ ಇದ್ದರೆ ಸ್ವಲ್ಪ ಹೊತ್ತಿಗೇ ಇಳಿಯೋಕೆ ಶುರುವಾಗುತ್ತೆ. ಕಟ್ಟು ತೆಗೆದ ಮೇಲೂ ಬೆರಳು ತಣ್ಣಗೇ ಇದ್ದರೆ, ನೀಲಿ ಅಥವಾ ಕಪ್ಪಗೆ ಕಂಡರೆ, ಚಿವುಟಿದರೂ ಕಾಲು ಎಳೆದುಕೊಳ್ಳದಿದ್ದರೆ ಅವತ್ತೇ ಆಸ್ಪತ್ರೆ. ಬಿಸಿನೀರಿನಲ್ಲಿ ಅದ್ದೋದು, ಜೋರಾಗಿ ಉಜ್ಜೋದು ಬೇಡ.

ಯಾಕೆ ಬಿಗಿಯಾಯ್ತು? ಸಾಮಾನ್ಯವಾಗಿ ಮೂರು ಕಾರಣ. ಮೊದಲನೆಯದು, ಗಾಯ ಇರುವ ಜಾಗಕ್ಕೆ ಮಾತ್ರ ಸುತ್ತಿ ಪಾದ ಹೊರಗೆ ಬಿಟ್ಟಿದ್ದು. ಮೊಣಕಾಲಿನ ಹತ್ತಿರ ಗಾಯ ಇದ್ದರೂ ಪಾದದಿಂದಲೇ ಸುತ್ತಿಕೊಂಡು ಬರಬೇಕು, ಇಲ್ಲದಿದ್ದರೆ ಕಟ್ಟಿನ ಕೆಳಗೆ ನೀರು ನಿಂತು ಪಾದ ಊದುತ್ತೆ. ಎರಡನೆಯದು, ಅಂಟಿಕೊಳ್ಳುವ ರಬ್ಬರಿನಂಥ ಸುತ್ತುಪಟ್ಟಿ, ಮೆಡಿಕಲ್ ಶಾಪ್‌ನಲ್ಲಿ ವೆಟ್‌ರ್ಯಾಪ್ ಅಂತ ಕೇಳಿದರೆ ಸಿಗೋದು. ಅದನ್ನು ರೋಲ್‌ನಿಂದ ನೇರವಾಗಿ ಎಳೆದು ಸುತ್ತಿದರೆ ಎಳೆದಷ್ಟೂ ಆಮೇಲೆ ಹಿಂಡುತ್ತೆ. ಒಂದು ಮೊಳದಷ್ಟು ಮೊದಲೇ ಬಿಚ್ಚಿಟ್ಟುಕೊಂಡು, ಆಮೇಲೆ ಹಗುರವಾಗಿ ಸುತ್ತಬೇಕು. ಮೇಲ್ತುದಿಯಲ್ಲಿ ಎರಡು ಬೆರಳು ತೂರಬೇಕು.

ಮೂರನೆಯದು ರಬ್ಬರ್ ಬ್ಯಾಂಡ್. ಕಟ್ಟು ಜಾರುತ್ತೆ ಅಂತ ಮಕ್ಕಳು ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿಬಿಡ್ತಾರೆ. ಅದು ಕೂದಲೊಳಗೆ ಮರೆಯಾಗಿ ಚರ್ಮ ಕೊಯ್ಯುತ್ತಾ ಒಳಗೆ ಹೋಗುತ್ತೆ. ಉದ್ದ ಕೂದಲಿನ ನಾಯಿಯಲ್ಲಿ ವಾರಗಟ್ಟಲೆ ಗೊತ್ತೇ ಆಗಲ್ಲ. ದಾರ, ಹೊಲಿಗೆ ನೂಲು, ಬಾಳೆನಾರು ಎಲ್ಲಕ್ಕೂ ಇದೇ ಮಾತು.

ಜಾರಿ ಪಾದಕ್ಕೆ ಬಂದು ಕೂತಿದೆ

ನಾಯಿಯ ಕಾಲು ಮೇಲೆ ದಪ್ಪ, ಕೆಳಗೆ ಸಣ್ಣ. ಸುಮ್ನೆ ಸುತ್ತಿದ್ದು ಕೆಳಗೆ ಬಂದೇ ಬರುತ್ತೆ. ಜಾರುತ್ತೆ ಅಂತ ಇನ್ನಷ್ಟು ಬಿಗಿ ಮಾಡೋದು ಎಲ್ಲರೂ ಮಾಡುವ ಕೆಲಸ, ಅದರಿಂದಲೇ ಮೇಲೆ ಹೇಳಿದ ಊತ.

ಬಿಗಿ ಮಾಡೋದಲ್ಲ, ಕಟ್ಟು ಹಿಡಿದುಕೊಳ್ಳೋಕೆ ಏನಾದರೂ ಕೊಡಬೇಕು. ಮೊದಲು ಕಾಲಿನ ಕೂದಲು ಪೂರ್ತಿ ಒಣಗಿಸಿ. ಬೆರಳುಗಳ ನಡುವೆ, ಅಂಗಾಲಿನ ಮೆತ್ತೆಯ ಸಂದಿಯಲ್ಲಿ ಕೂಡ. ಇಲ್ಲಿ ಬಚ್ಚಲು ಒಲೆಯ ಶಾಖಕ್ಕೆ ಕೂರಿಸಿ ಒಣಗಿಸುವವರಿದ್ದಾರೆ, ಶಾಖ ಒಳ್ಳೆಯದೇ, ಆದರೆ ಬೂದಿ ಗಾಯಕ್ಕೆ ಹಾರದ ಹಾಗೆ ದೂರ ಇರಲಿ. ಎರಡು ಟೇಪ್ ತುಂಡು ತಗೊಳ್ಳಿ. ಒಂದನ್ನು ಕಾಲಿನ ಒಳಬದಿಗೆ, ಇನ್ನೊಂದನ್ನು ಹೊರಬದಿಗೆ, ಉದ್ದಕ್ಕೆ ಅಂಟಿಸಿ. ಎರಡರ ತುದಿಯೂ ಪಾದದಿಂದ ಕೆಳಗೆ ನಾಲ್ಕು ಬೆರಳಿನಷ್ಟು ನೇತಾಡಲಿ. ಆ ತುದಿಗಳನ್ನು ಒಂದಕ್ಕೊಂದು ಅಂಟಿಸಿಡಿ. ಈಗ ಬೆರಳುಗಳ ನಡುವೆ ತೆಳ್ಳಗೆ ಹತ್ತಿ ತುರುಕಿ, ಗಾಯದ ಮೇಲೆ ಅಂಟದ ಗಾಜ್ (ಗಾಯಕ್ಕೆ ಇಡುವ ಜಾಳು ಬಟ್ಟೆ) ಇಟ್ಟು, ಅದರ ಮೇಲೆ ಹತ್ತಿ ರೋಲ್ ಸುತ್ತಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಆಮೇಲೆ ನೇತಾಡುವ ಟೇಪ್ ತುದಿಗಳನ್ನು ಬಿಡಿಸಿ, ಮೇಲಕ್ಕೆ ಮಡಿಸಿ ಹತ್ತಿಗೆ ಅಂಟಿಸಿ, ಅದರ ಮೇಲೆ ಕ್ರೇಪ್ ಅಥವಾ ಸುತ್ತುಪಟ್ಟಿ. ಹೀಗೆ ಮಾಡಿದ ಕಟ್ಟು ಜಾರಬೇಕಾದರೆ ಟೇಪೇ ಕೂದಲಿನಿಂದ ಕಿತ್ತು ಬರಬೇಕು.

ಇನ್ನೂ ಜಾರಿದರೆ ಒಂದು ಕೀಲು ಮೇಲಕ್ಕೆ ಹೋಗಿ. ಮಣಿಕಟ್ಟಿನ ಕೆಳಗೇ ನಿಲ್ಲಿಸಿದ ಕಟ್ಟು ನಿಲ್ಲಲ್ಲ, ಅದನ್ನು ದಾಟಿ ಸುತ್ತಬೇಕು. ಹೊರಗಿನ ಪಟ್ಟಿಯ ಮೇಲೂ ಕೆಳಗೂ ಒಂದಿಷ್ಟು ಹತ್ತಿ ಇಣುಕುತ್ತಿರಲಿ, ಪಟ್ಟಿಯ ಅಂಚು ನೇರ ಚರ್ಮಕ್ಕೆ ತಾಗಬಾರದು. ಮುಂಗಾಲಿನ ಒಳಬದಿಯಲ್ಲಿ ಮೇಲೆ ಒಂದು ಒಂಟಿ ಉಗುರು ಇರುತ್ತೆ ನೋಡಿ, ಅದರ ಕೆಳಗೂ ಹತ್ತಿ ಇಡಿ. ಅಲ್ಲಿ ಹೊಸ ಗಾಯ ಆಗೋದು ಬಹಳ.

ಒದ್ದೆಯಾಗಿದೆ: ನೀರು ಹೊರಗಿನದಾ, ಒಳಗಿನದಾ?

ಹೊರಗಿಂದ ಒದ್ದೆಯಾಗಿದ್ದರೆ ಕೆಳಭಾಗ ಕೆಸರಾಗಿರುತ್ತೆ. ಬದಲಿಸಿ, ಬೇರೆ ದಾರಿ ಇಲ್ಲ. ಹೇರ್ ಡ್ರೈಯರ್ ಹಿಡಿದು ಒಣಗಿಸಿದರೆ ಮೇಲಿನದು ಒಣಗುತ್ತೆ, ಒಳಗಿನದು ಹಾಗೇ ಇರುತ್ತೆ. ಮತ್ತೆ ಆಗದಿರಲಿ ಅಂದರೆ ಖಾಲಿ ಡ್ರಿಪ್ ಚೀಲ ಕೇಳಿ ತನ್ನಿ. ಕ್ಲಿನಿಕ್‌ಗಳಲ್ಲಿ ಎಸೆಯೋದೇ, ಕೇಳಿದರೆ ಕೊಡ್ತಾರೆ. ಮೇಲ್ಭಾಗ ಕತ್ತರಿಸಿದರೆ ಪಾದಕ್ಕೆ ಸರಿಯಾಗಿ ಕೂರುತ್ತೆ, ಗಟ್ಟಿ ಇರೋದರಿಂದ ಅಂಗಳದ ಕಲ್ಲಿಗೂ ಹರಿಯಲ್ಲ. ಉಚ್ಚೆಗೆ ಕರ್ಕೊಂಡು ಹೋಗುವಾಗ ಹಾಕಿ, ಒಳಗೆ ಬಂದ ಕೂಡಲೇ ತೆಗೆಯಿರಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕು. ಪ್ಲಾಸ್ಟಿಕ್ ಅರ್ಧ ಗಂಟೆಗಿಂತ ಜಾಸ್ತಿ ಇದ್ದರೆ ಒಳಗಿನ ಬೆವರು, ಹಬೆಯಿಂದಲೇ ಕಟ್ಟು ನೆನೆಯುತ್ತೆ. ಆಗ ಮಳೆಯಲ್ಲಿ ಬಿಟ್ಟಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

ಒಳಗಿಂದ ಬಂದಿದ್ದರೆ ಗಾಯದ ಜಾಗದಲ್ಲೇ ಒಂದು ಕಲೆ ಕಾಣುತ್ತೆ. ಮೊದಲ ಎರಡು ಮೂರು ದಿನ ಗಾಯ ನೀರು ಬಿಡೋದು ಸಹಜ, ದಿನಾ ಬದಲಿಸಬೇಕಾಗಬಹುದು. ಬಾಲ್ ಪೆನ್ ತಗೊಂಡು ಕಲೆಯ ಅಂಚಿನ ಸುತ್ತ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಸಂಜೆ ನೋಡುವಾಗ ಕಲೆ ಗೆರೆ ದಾಟಿದೆಯಾ, ಬಣ್ಣ ಬದಲಾಗಿದೆಯಾ ಅಂತ ಊಹೆ ಇಲ್ಲದೆ ಗೊತ್ತಾಗುತ್ತೆ. ಡಾಕ್ಟ್ರಿಗೆ ಫೋಟೋ ಕಳಿಸುವಾಗಲೂ ಇದು ಅನುಕೂಲ. ತೆಳು ಗುಲಾಬಿ ನೀರು ಪರವಾಗಿಲ್ಲ. ಕೆಂಪು ರಕ್ತ ಹರಡುತ್ತಲೇ ಇದ್ದರೆ, ಹಳದಿ ಹಸಿರು ದಪ್ಪ ದ್ರವ ಇದ್ದರೆ ಹೊರಡಿ.

ವಾಸನೆ ಬರ್ತಿದೆ

ಕಟ್ಟು ಬಿಚ್ಚಿ ಬೆಳಕಿನಲ್ಲಿ ನೋಡಿ. ಗಾಜ್ ಅಂಟಿಕೊಂಡಿದ್ದರೆ ಕಿತ್ತೆಳೆಯಬೇಡಿ, ಸಲೈನ್ ಸುರಿದು ಕೆಲವು ನಿಮಿಷ ಬಿಡಿ, ತಾನೇ ಬಿಡುತ್ತೆ. ಸಲೈನ್ ಇಲ್ಲದಿದ್ದರೆ ಅರ್ಧ ಲೀಟರ್ ನೀರು ಕುದಿಸಿ ಆರಿಸಿ, ಒಂದು ಟೀ ಚಮಚ ಉಪ್ಪು, ಗೋಪುರ ಮಾಡದೆ ಸಮಮಟ್ಟಕ್ಕೆ, ಹಾಕಿ ಕರಗಿಸಿ.

ನಾಲ್ಕೈದು ದಿನದ ಗಾಯದಲ್ಲಿ ತಳ ಕೆಂಪಗೆ, ತೇವವಾಗಿ, ಹರಳು ಹರಳಾಗಿ ಕಂಡರೆ ಗಾಬರಿ ಬೇಡ. ಅದು ಹೊಸ ಮಾಂಸ. ಮುಟ್ಟಿದರೆ ರಕ್ತ ಬರುತ್ತೆ, ಅದೂ ಸಹಜ, ಅದನ್ನು ತಿಕ್ಕಿ ತೆಗೆದರೆ ಮತ್ತೆ ಮೊದಲಿಂದ ಶುರು. ಮೇಲೊಂದು ತೆಳು ಅಂಟು ಪದರ ಇರಬಹುದು, ವಾಸನೆ ಇಲ್ಲದಿದ್ದರೆ ಚಿಂತೆ ಇಲ್ಲ. ಬೂದು ಅಥವಾ ಕಪ್ಪು ಬಣ್ಣದ ಮಾಂಸ, ಸುತ್ತ ಬಿಸಿ ಊತ, ದಪ್ಪ ಕೀವು ಇದ್ದರೆ ಸೋಂಕು. ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ಜ್ವರ ನೋಡಿ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಮಾಮೂಲಿ, ನಮ್ಮ ಲೆಕ್ಕದಲ್ಲಿ ನೋಡಿ ಹೆದರಬೇಡಿ. 103 ದಾಟಿ, ಊಟ ಬಿಟ್ಟು ಮೂಲೆಯಲ್ಲಿ ಮಲಗಿದ್ದರೆ ಡಾಕ್ಟ್ರನ್ನು ನೋಡಿ. ಮನೆಯಲ್ಲಿ ಉಳಿದಿರುವ ನಿಮ್ಮ ಆಂಟಿಬಯೋಟಿಕ್ ಕೊಡಬೇಡಿ. ನೋವಿನ ಮಾತ್ರೆ ಅಂತೂ ಬೇಡವೇ ಬೇಡ: ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತೆ, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತೆ.

ಹುಳ ಬಿದ್ದಿದೆ

ಮಳೆ ಬಿಟ್ಟು ಬಿಸಿಲು ಬಂದ ಎರಡು ದಿನ ನೋಡಿ, ನೊಣ ಎಲ್ಲಿಂದ ಬರುತ್ತೋ. ಗಾಯದ ಮೇಲೆ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಮರಿಯಾಗುತ್ತೆ. ಕೂದಲಿನ ಬುಡದಲ್ಲಿ ಬಿಳಿ ರವೆ ಅಂಟಿದ ಹಾಗೆ ಕಂಡರೆ ಅದೇ ಮೊಟ್ಟೆ. ಆ ಹಂತದಲ್ಲೇ ಕೂದಲು ಕತ್ತರಿಸಿ, ಬಾಚಣಿಗೆಯಲ್ಲಿ ಕೆರೆದು ತೆಗೆದರೆ ಅರ್ಧ ಕೆಲಸ ಮುಗಿಯಿತು.

ಹುಳ ಆಗಿದ್ದರೆ ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ ಪುಡಿ, ಕರ್ಪೂರದ ಎಣ್ಣೆ ಸುರಿಯುವ ರೂಢಿ ಇದೆ. ಹುಳ ಹೊರಗೆ ಬರುತ್ತೆ ನಿಜ. ಆದರೆ ಸೀಮೆಎಣ್ಣೆ, ಫಿನಾಯಿಲ್ ಹಸಿ ಮಾಂಸ ಸುಡುತ್ತೆ, ಎಲ್ಲವನ್ನೂ ನಾಯಿ ನೆಕ್ಕುತ್ತೆ, ಇವೆಲ್ಲ ಹೊಟ್ಟೆಗೆ ಹೋದರೆ ವಿಷ. ಬೆಕ್ಕಿಗೆ ಫಿನಾಯಿಲ್ ತಾಗುವುದೇ ಅಪಾಯ. ಕಾಣುವ ಹುಳವನ್ನು ಚಿಮಟದಲ್ಲಿ ತೆಗೆಯಿರಿ, ಸಿರಿಂಜಿನಲ್ಲಿ ಸಲೈನ್ ಹೊಡೆದು ತೊಳೆಯಿರಿ, ಉಳಿದಿದ್ದು ಡಾಕ್ಟ್ರಿಗೆ ಬಿಡಿ. ಒಳಗೆ ಸುರಂಗ ಎಷ್ಟು ದೂರ ಹೋಗಿದೆ ಅಂತ ನಮಗೆ ಕಾಣಲ್ಲ. ದನಕ್ಕೆ ತಂದಿಟ್ಟ ಐವರ್‌ಮೆಕ್ಟಿನ್ ಇಂಜೆಕ್ಷನ್ ಅಂದಾಜಿನ ಮೇಲೆ ಚುಚ್ಚಬೇಡಿ, ಕೋಲಿ (collie) ಜಾತಿಯಂಥ ಕೆಲವು ನಾಯಿಗಳಿಗೆ ಅದು ನೇರ ಮಿದುಳಿಗೆ ಹೊಡೆಯುತ್ತೆ.

ಕಚ್ಚಿ ಕಿತ್ತು ಹಾಕ್ತಿದೆ

ಎರಡು ದಿನ ಸುಮ್ಮನಿದ್ದ ನಾಯಿ ಮೂರನೇ ದಿನ ಇದ್ದಕ್ಕಿದ್ದ ಹಾಗೆ ಕಟ್ಟು ಕಚ್ಚೋಕೆ ಶುರು ಮಾಡಿದರೆ ಗದರಬೇಡಿ. ಒಳಗೆ ಏನೋ ಆಗಿದೆ. ಒದ್ದೆ, ಬಿಗಿ, ಸೋಂಕು, ಇರುವೆ, ಈ ನಾಲ್ಕರಲ್ಲಿ ಒಂದು. ಹೌದು, ಇರುವೆ ಕೂಡ. ರಕ್ತದ ಕಲೆ ಇರುವ ಬ್ಯಾಂಡೇಜ್ ನೆಲದ ಮೇಲಿದ್ದರೆ ಸಾಲು ಹಿಡಿದು ಬರುತ್ತೆ.

ಬಿಚ್ಚಿ ನೋಡಿ ಎಲ್ಲ ಸರಿ ಇದ್ದರೆ ಆಗ ಕೋನ್ ಹಾಕಿ, ನೆಕ್ಕದ ಹಾಗೆ ಕುತ್ತಿಗೆಗೆ ಕಟ್ಟುವ ಪ್ಲಾಸ್ಟಿಕ್ ಕೊರಳಪಟ್ಟಿ. ಕೋನ್‌ನ ಅಂಚು ಮೂಗಿನ ತುದಿಗಿಂತ ಎರಡು ಮೂರು ಬೆರಳು ಮುಂದೆ ಇರಬೇಕು, ಗಿಡ್ಡ ಆದರೆ ಕತ್ತು ತಿರುಗಿಸಿ ನೆಕ್ಕೇ ನೆಕ್ಕುತ್ತೆ. "ಪಾಪ, ರಾತ್ರಿ ಮಲಗಲಿ" ಅಂತ ತೆಗೆಯುವ ಮನೆಯವರೇ ಜಾಸ್ತಿ, ಹೊಲಿಗೆ ಬಿಚ್ಚಿ ಬರೋದೂ ರಾತ್ರಿಯೇ. ಊಟ ಮಾಡುವಾಗ ಎದುರಿಗೆ ಕೂತು ತೆಗೆಯಿರಿ, ಮುಗಿದ ಮೇಲೆ ಹಾಕಿ. ಎದೆ, ಬೆನ್ನಿನ ಗಾಯಕ್ಕೆ ಮಕ್ಕಳ ಹಳೇ ಟೀ ಶರ್ಟ್ ಸಾಕು. ಮುಂಗಾಲು ತೋಳಿನಲ್ಲಿ ತೂರಿಸಿ, ಸೊಂಟದ ಹತ್ತಿರ ಸಡಿಲ ಗಂಟು ಹಾಕಿದರೆ ಆಯಿತು. ಬ್ಯಾಂಡೇಜಿಗೆ ಮೆಣಸಿನಪುಡಿ, ಗಾಂಧಾರಿ ಮೆಣಸಿನ ರಸ ಹಚ್ಚೋದು ಹಿಂಸೆ, ಕಣ್ಣಿಗೂ ಹೋಗುತ್ತೆ, ಗಾಯಕ್ಕೂ ಇಳಿಯುತ್ತೆ.

ಕಟ್ಟಲೇಬಾರದ ಗಾಯಗಳು

ಕಾಡುಹಂದಿ ತಿವಿದ ಗಾಯ ಇದರಲ್ಲಿ ಮೊದಲನೆಯದು. ತೋಟದ ಬೇಲಿ ಪಕ್ಕ ಹಂದಿಗೆ ಎದುರಾದ ನಾಯಿ ಮನೆಗೆ ಬಂದಾಗ ಹೊಟ್ಟೆಯ ಬದಿಯಲ್ಲಿ ಒಂದು ಸಣ್ಣ ತೂತು, ಅಷ್ಟೇ. ಒಳಗೆ ಕೋರೆ ತಿರುಗಿದಷ್ಟೂ ಚರ್ಮ ಮಾಂಸದಿಂದ ಬೇರೆಯಾಗಿ ಚೀಲದ ಹಾಗೆ ಆಗಿರುತ್ತೆ, ಕೂದಲು, ಮಣ್ಣು ಎಲ್ಲ ಒಳಗೆ. ಅದನ್ನು ತೊಳೆದು ಮೇಲೆ ಬಿಗಿಯಾಗಿ ಕಟ್ಟಿದರೆ ಕೆಲವೇ ದಿನದಲ್ಲಿ ಒಳಗೆ ಕೀವು ತುಂಬುತ್ತೆ. ನಾಯಿ ನಾಯಿ ಜಗಳದ ಹಲ್ಲಿನ ತೂತು, ಬೆಕ್ಕುಗಳ ಜಗಳದ ಗಾಯ ಎಲ್ಲಕ್ಕೂ ಇದೇ. ಕೀವು ಹೊರಗೆ ಬರೋಕೆ ದಾರಿ ಬೇಕು. ಹೊಟ್ಟೆ ಅಥವಾ ಎದೆಗೆ ತಿವಿದಿದ್ದರೆ ನಾಯಿ ಲವಲವಿಕೆಯಿಂದ ಇದ್ದರೂ ಅವತ್ತೇ ತೋರಿಸಿ. ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಸಲೈನ್‌ನಲ್ಲಿ ನೆನೆಸಿದ ಶುದ್ಧ ಬಟ್ಟೆ ಮುಚ್ಚಿ ಜೀಪು ಹತ್ತಿಸಿ.

ಮುಳ್ಳುಹಂದಿ ಮುಳ್ಳು ಚುಚ್ಚಿದ್ದರೆ ಕತ್ತರಿಸಿ ಗಿಡ್ಡ ಮಾಡಬೇಡಿ, ತುದಿ ಒಳಗೇ ಉಳಿದು ಸರಿಯುತ್ತೆ. ಉರುಳಿನ ತಂತಿ ಸೊಂಟಕ್ಕೋ ಕಾಲಿಗೋ ಸಿಕ್ಕಿ ಬಂದಿದ್ದರೆ ತಂತಿ ತೆಗೆದ ಮೇಲೂ ಚರ್ಮ ಸಾಯುವುದು ನಂತರದ ದಿನಗಳಲ್ಲಿ. ಇವತ್ತು ಚೆನ್ನಾಗಿದೆ ಅಂತ ಕಟ್ಟಿ ಬಿಡೋ ಹಾಗಿಲ್ಲ.

ಜಿಗಣೆ ಕಚ್ಚಿದ್ದಕ್ಕೆ ಕಟ್ಟು ಬೇಡವೇ ಬೇಡ. ಅದರ ಎಂಜಲು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ಹಾಗಾಗಿ ಬಿದ್ದ ಮೇಲೂ ಒಂದಷ್ಟು ಹೊತ್ತು ಸೋರುತ್ತೆ. ಗಾಜ್ ಇಟ್ಟು ಒತ್ತಿ ಹಿಡಿಯಿರಿ, ಸಾಕು. ಮೂಗಿನೊಳಗೆ ಹೊಕ್ಕಿದ್ದರೆ, ಒಂದೇ ಹೊಳ್ಳೆಯಲ್ಲಿ ರಕ್ತ, ಸೀನು, ಅದು ಡಾಕ್ಟ್ರ ಕೆಲಸ.

ಬೇರೆ ನಾಯಿ, ನರಿ, ಯಾವುದು ಕಚ್ಚಿದ್ದರೂ ಕೈಗವಸು ಹಾಕಿಕೊಂಡು ಸೋಪು ನೀರಿನಲ್ಲಿ 15 ನಿಮಿಷ ಹರಿಯುವ ನೀರಿಗೆ ಹಿಡಿದು ತೊಳೆಯಿರಿ. ಮೊದಲೇ ರೇಬೀಸ್ ಲಸಿಕೆ ಆಗಿದ್ದರೂ ಡಾಕ್ಟ್ರಿಗೆ ಹೇಳಿ, ಮತ್ತೆ ಹಾಕಬೇಕಾಗಬಹುದು. ಜಗಳ ಬಿಡಿಸುವಾಗ ನಿಮಗೆ ಪರಚಿದ್ದರೆ ನೀವೂ ಆಸ್ಪತ್ರೆಗೆ ಹೋಗಿ. ಇದರಲ್ಲಿ ನಾಳೆ ನೋಡೋಣ ಅನ್ನೋದು ಇಲ್ಲ.

ಅಡುಗೆಮನೆ ಮದ್ದು

ಕಾಫಿಪುಡಿ ರಕ್ತ ನಿಲ್ಲಿಸುತ್ತೆ ಅಂತ ನಮ್ಮಲ್ಲಿ ಎಲ್ಲರಿಗೂ ನಂಬಿಕೆ. ಪುಡಿ ಗಾಯದಲ್ಲಿ ಗಟ್ಟಿಯಾಗಿ ಕೂರುತ್ತೆ, ಡಾಕ್ಟ್ರು ಅದನ್ನು ಕೆರೆಯೋದರಲ್ಲೇ ಹೊತ್ತು ಕಳೀತಾರೆ. ಮೇಲಿಂದ ನಾಯಿ ಅದನ್ನು ನೆಕ್ಕಿದರೆ ಕೆಫೀನ್ ನಾಯಿಗೆ ವಿಷ. ರಕ್ತ ನಿಲ್ಲಿಸೋಕೆ ಒಗೆದ ಬಟ್ಟೆ ಇಟ್ಟು ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ಎತ್ತಿ ಇಣುಕಬೇಡಿ. ಅರಿಶಿನಪುಡಿಯದೂ ಅದೇ ಕಥೆ, ಎಲ್ಲ ಹಳದಿ ಆದ ಮೇಲೆ ಕೀವು ಯಾವುದು ಅಂತಲೇ ಗೊತ್ತಾಗಲ್ಲ. ಕಕ್ಕಡ ಹದಿನೆಂಟರಂದು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಪಾಯಸ ಮಾಡುವ ಮದ್ದುಸೊಪ್ಪು ಉಳಿದಿದೆ ಅಂತ ಅರೆದು ಕಟ್ಟಿದವರನ್ನೂ ನೋಡಿದ್ದೇನೆ. ಅದು ಪಾಯಸಕ್ಕೇ ಇರಲಿ.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರೋದು ನೋಡೋಕೆ ತೃಪ್ತಿ, ದಿನಾ ಹಾಕಿದರೆ ಹೊಸ ಮಾಂಸವೂ ಸಾಯುತ್ತೆ. ಡೆಟಾಲ್ ಬೆಕ್ಕಿಗೆ ಬೇಡ. ಪೊವಿಡೋನ್ ಅಯೋಡಿನ್ ಬಾಟಲಿ ಮನೆಯಲ್ಲಿದ್ದರೆ ಅದನ್ನೇ ಹಾಲಿಲ್ಲದ ತೆಳು ಚಹಾದ ಬಣ್ಣ ಬರುವಷ್ಟು ನೀರು ಸೇರಿಸಿ ಬಳಸಿ. ಬಾಟಲಿಯಿಂದ ನೇರ ಸುರಿಯಬೇಡಿ.

ಕಿವಿ, ಬಾಲ

ಕಿವಿ ಹರಿದರೆ ನಾಯಿ ತಲೆ ಒದರುತ್ತೆ, ಒದರಿದಾಗೆಲ್ಲ ಗೋಡೆ ತುಂಬ ರಕ್ತ. ಕಿವಿಯನ್ನು ತಲೆಯ ಮೇಲೆ ಮಡಿಸಿ ಸುತ್ತಿ, ಇನ್ನೊಂದು ಕಿವಿ ಹೊರಗಿರಲಿ, ಗಂಟಲ ಹತ್ತಿರ ಎರಡು ಬೆರಳು ತೂರಲಿ. ಸುತ್ತಿದ ಮೇಲೆ ಹತ್ತು ನಿಮಿಷ ಅಲ್ಲೇ ಕೂತು ಉಸಿರಾಟ ನೋಡಿ. ಕಟ್ಟಿನ ಮೇಲೆ ಕಿವಿ ಎಲ್ಲಿದೆ ಅಂತ ಪೆನ್ನಿನಲ್ಲಿ ಗುರುತು ಮಾಡಿ, ಬಿಚ್ಚುವಾಗ ಕಿವಿಯನ್ನೇ ಕತ್ತರಿಸಿದವರಿದ್ದಾರೆ. ಬಾಲದ ಕಟ್ಟು ಹೇಗೆ ಕಟ್ಟಿದರೂ ಹಾರಿಹೋಗುತ್ತೆ, ಕೂದಲನ್ನೂ ಸೇರಿಸಿ ಟೇಪ್ ಹಾಕಿದರೆ ಒಂದು ದಿನ ಜಾಸ್ತಿ ಬಾಳುತ್ತೆ.

ಯಾವಾಗ ನಿಲ್ಲಿಸೋದು

ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ತೆರೆದ ಗಾಯದಲ್ಲಿ ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಕ್ಕೆ ಬರ್ತಿದ್ದರೆ, ನೀರು ನಿಂತಿದ್ದರೆ, ಹಗಲು ಒಣ ಜಾಗದಲ್ಲಿ ಕಟ್ಟಿಲ್ಲದೆ ಬಿಡಬಹುದಾ ಅಂತ ಡಾಕ್ಟ್ರನ್ನು ಕೇಳಿ. ಕೋನ್ ಮಾತ್ರ ಇನ್ನೂ ಇರಲಿ. ಅಂಗಾಲಿನ ಮೆತ್ತೆ ಕೊಯ್ದಿದ್ದರೆ ಲೆಕ್ಕವೇ ಬೇರೆ, ಪ್ರತಿ ಹೆಜ್ಜೆಗೂ ಗಾಯ ಬಾಯಿ ಬಿಡುತ್ತೆ, ಸರಪಳಿ ಹಾಕಿ ಕೂರಿಸದೆ ವಾಸಿಯಾಗಲ್ಲ.

ಮಳೆಗೆ ರಸ್ತೆಯಲ್ಲಿ ಮರ ಬಿದ್ದು ಪೇಟೆಗೆ ಹೋಗೋಕೆ ಆಗದ ದಿನ ಬಂದೇ ಬರುತ್ತೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ನೋಡಿ, ನಿಮ್ಮ ಡಾಕ್ಟ್ರ ನಂಬರಿಗೂ ಫೋಟೋ ಕಳಿಸಿ: ಒಂದು ಕಟ್ಟು ಇರುವಾಗಿನದು, ಒಂದು ಬಿಚ್ಚಿದ್ದು, ಒಂದು ಗಾಯದ ಪಕ್ಕ ರೂಪಾಯಿ ನಾಣ್ಯ ಇಟ್ಟು ತೆಗೆದದ್ದು. ಫ್ಲಾಶ್ ಹಾಕಬೇಡಿ, ಒದ್ದೆ ಗಾಯ ಬೆಳ್ಳಗೆ ಹೊಳೆದು ಏನೂ ಕಾಣಲ್ಲ. ಕೆಳಗೆ ಗಾಯ ಆದ ದಿನ, ಜ್ವರ ಎಷ್ಟು, ಕೊನೆಯ ಸಲ ಊಟ ಯಾವಾಗ, ಯಾವ ಮಾತ್ರೆ ಕೊಟ್ಟಿದ್ದೀರಿ, ಅಷ್ಟು ಬರೆದರೆ ಸಾಕು.